ಎಸ್ಟೇಟ್ ಆಫೀಸಿಗೆ ಬಂದ 2 ಟಿಬಿ ಹಾರ್ಡ್ ಡಿಸ್ಕ್: ಒಂದು ಪ್ರಕರಣ ಅಧ್ಯಯನ

ಚಿಕ್ಕಮಗಳೂರು ಜಿಲ್ಲೆ, ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟ್. ಗುರುತು ಹತ್ತಬಾರದೆಂದು ಊರು, ವಿಸ್ತೀರ್ಣ, ಮನೆತನದ ವಿವರ ಬಿಟ್ಟಿದೆ. ಡಿಸ್ಕಿನ ಕಂಪನಿಯ ಹೆಸರನ್ನೂ ಬಿಟ್ಟಿದೆ. ಇಲ್ಲಿ ಆದದ್ದು ಯಾವ ಕಂಪನಿಯ ಡಿಸ್ಕಿಗೂ ಆಗಬಹುದಾಗಿತ್ತು.

ಹಿನ್ನೆಲೆ

ಆಫೀಸಿನಲ್ಲಿ ಇರುವುದು ಒಂದೇ ಡೆಸ್ಕ್‌ಟಾಪ್, ವಿಂಡೋಸ್ 10. ಒಳಗಿನ 256 ಜಿಬಿ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್ಪುಗಳಲ್ಲಿ ಡೇಟಾ ಇಡುವ ಡ್ರೈವ್) ತುಂಬಿ ಹೋಗಿತ್ತು. ಟ್ಯಾಲಿ ಲೆಕ್ಕ, ಎಕ್ಸೆಲ್‌ನಲ್ಲಿ ಚೆಕ್‌ರೋಲ್ (ಕೆಲಸಗಾರರ ಹಾಜರಿ-ಕೂಲಿ ಪಟ್ಟಿ), ಸರ್ವೆ ಸ್ಕೆಚ್ಚು ಮತ್ತು ಹಳೆ ಪಹಣಿಗಳ ಸ್ಕ್ಯಾನ್, ಕೆಲಸಗಾರರ ಆಧಾರ್ ಪ್ರತಿ, ಸಿಸಿಟಿವಿಯಿಂದ ತೆಗೆದ ತುಣುಕುಗಳು, ಡ್ರೋನ್ ಫೋಟೊ, ಜೊತೆಗೆ ಮನೆಯವರ ಮದುವೆ ವಿಡಿಯೊ. ಡೆಸ್ಕ್‌ಟಾಪಿನಲ್ಲೂ ಅದರ ಹೊರಗೂ ಇದ್ದದ್ದು ಎಲ್ಲ ಸೇರಿ ಸುಮಾರು 780 ಜಿಬಿ. ಇಂಟರ್‌ನೆಟ್ಟಿಗೆ ಇದ್ದದ್ದು 4ಜಿ ಡಾಂಗಲ್ ಮಾತ್ರ. ಸಿಗ್ನಲ್ ಕಡ್ಡಿ ಒಂದು ಬಂದರೆ ಆ ದಿನ ಪುಣ್ಯ. ಹಾಗಾಗಿ ಕ್ಲೌಡ್‌ನಲ್ಲಿ ಇಡುವ ಮಾತು ಅಲ್ಲಿಗೇ ನಿಂತಿತು.

ಜುಲೈನಲ್ಲಿ 2 ಟಿಬಿಯ ಪೋರ್ಟಬಲ್ ಹಾರ್ಡ್ ಡಿಸ್ಕ್ ತಂದರು. ಎರಡೂವರೆ ಇಂಚಿನದು, ಯುಎಸ್‌ಬಿ 3, ಪ್ರತ್ಯೇಕ ಅಡಾಪ್ಟರ್ ಬೇಡ, ಅಗಲವಾದ ಮೈಕ್ರೊ-ಬಿ ಪಿನ್ನಿನ ಗಿಡ್ಡ ಕೇಬಲ್. ಡೆಸ್ಕ್‌ಟಾಪಿನಲ್ಲಿ ಜಾಗ ಬಿಡಿಸಲು ರೈಟರು (ಎಸ್ಟೇಟಿನ ಗುಮಾಸ್ತರು) ಫೈಲುಗಳನ್ನು ಕಟ್ ಮಾಡಿ ಡಿಸ್ಕಿಗೆ ಪೇಸ್ಟ್ ಮಾಡಿದರು. ಟ್ಯಾಲಿಯ ಡೇಟಾ ಫೋಲ್ಡರೂ ಅಲ್ಲಿಗೇ ಹೋಯಿತು. ತಿಂಗಳಿಗೊಮ್ಮೆ ಮಾಲೀಕರು ಅದೇ ಡಿಸ್ಕನ್ನು ಬ್ಯಾಗಿಗೆ ಹಾಕಿಕೊಂಡು ಬೆಂಗಳೂರಿನ ಮಗನ ಮನೆಗೆ ಒಯ್ಯುತ್ತಿದ್ದರು. ಅಲ್ಲಿರುವುದು ಮ್ಯಾಕ್.

ಡಿಸೆಂಬರ್ ಹೊತ್ತಿಗೆ ದೂರುಗಳ ಪಟ್ಟಿ ಬೆಳೆದಿತ್ತು. 2 ಟಿಬಿ ಅಂತ ಕೊಟ್ಟು 1.81 ಟಿಬಿ ತೋರಿಸುತ್ತದೆ, ಡೂಪ್ಲಿಕೇಟ್ ಇರಬೇಕು. ಕಾಪಿ ಶುರುವಾಗುವಾಗ ಓಡುತ್ತದೆ, ಅರ್ಧ ಗಂಟೆಗೆ ತೆವಳುತ್ತದೆ. ಮ್ಯಾಕ್‌ನಲ್ಲಿ ಫೈಲ್ ಕಾಣುತ್ತದೆ, ಉಳಿಸಲು ಆಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕೆಲಸದ ನಡುವೆ ಡಿಸ್ಕ್ ಮಾಯವಾಗುತ್ತದೆ. ಒಮ್ಮೆಯಂತೂ "ಫಾರ್ಮ್ಯಾಟ್ ಮಾಡಲೇ?" ಎಂದು ಕೇಳಿತ್ತು. ರೈಟರು ಕಾರಣವನ್ನೂ ಕಂಡುಕೊಂಡಿದ್ದರು, ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರ: "ಪಲ್ಪರ್ ಮೋಟರ್ ಆನ್ ಮಾಡಿದ್ರೆ ಕರೆಂಟ್ ಬೀಳುತ್ತೆ ಸಾರ್, ಡಿಸ್ಕ್ ಹೋಗುತ್ತೆ."

ಪರೀಕ್ಷಿಸಲು ಬಂದವರ ಮುಂದಿದ್ದ ಪ್ರಶ್ನೆ ಸರಳ: ಇದನ್ನು ಇಟ್ಟುಕೊಳ್ಳಬೇಕೇ, ಬಿಸಾಡಿ ಎಸ್‌ಎಸ್‌ಡಿ ತರಬೇಕೇ?

ಮೊದಲ ತೀರ್ಮಾನ: ಪರೀಕ್ಷೆ ಆಮೇಲೆ

ಕಟ್-ಪೇಸ್ಟ್ ಮಾಡಿದ್ದರಿಂದ 780 ಜಿಬಿಗೂ ಇದ್ದದ್ದು ಒಂದೇ ಪ್ರತಿ. ಸಂಶಯವಿರುವ ಡಿಸ್ಕಿನ ಮೇಲೆ ಮೊದಲು ಪರೀಕ್ಷಾ ಸಾಫ್ಟ್‌ವೇರ್ ಓಡಿಸುವುದು, ಅಥವಾ ವಿಂಡೋಸ್‌ನ ಚೆಕ್‌ಡಿಸ್ಕ್ ಹಾಕಿ "ರಿಪೇರಿ" ಮಾಡುವುದು ಬಹಳ ಕಡೆ ನಡೆಯುವ ಅನಾಹುತ. ಚೆಕ್‌ಡಿಸ್ಕ್ ಫೈಲ್ ವ್ಯವಸ್ಥೆಯನ್ನು (ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕವನ್ನು) ಸರಿಮಾಡುತ್ತದೆಯೇ ಹೊರತು ನಿಮ್ಮ ಫೈಲನ್ನು ಉಳಿಸುವ ಹೊಣೆ ಹೊರುವುದಿಲ್ಲ. ತುಂಡಾದ ಫೈಲನ್ನು ಕತ್ತರಿಸಿ ಪಕ್ಕಕ್ಕೆ ಹಾಕಿ ಕೆಲಸ ಮುಗಿಯಿತು ಎನ್ನುತ್ತದೆ.

ಆದ್ದರಿಂದ ಇನ್ನೊಂದು 2 ಟಿಬಿ ಡಿಸ್ಕ್ ತರಿಸಿ, ಎರಡನ್ನೂ ಡೆಸ್ಕ್‌ಟಾಪಿನ ಹಿಂಬದಿಯ ಯುಎಸ್‌ಬಿ 3 ಪೋರ್ಟುಗಳಿಗೆ ನೇರವಾಗಿ ಚುಚ್ಚಿ, ವಿಂಡೋಸ್‌ನಲ್ಲೇ ಇರುವ ರೋಬೋಕಾಪಿಯಿಂದ ನಕಲು ತೆಗೆಯಲಾಯಿತು. ಓದಲಾಗದ ಫೈಲಿಗೆ ಒಂದೇ ಮರುಪ್ರಯತ್ನ, ಒಂದು ಸೆಕೆಂಡ್ ಕಾಯುವಿಕೆ, ಎಲ್ಲ ಲಾಗ್ ಫೈಲಿಗೆ. ಈ ಎರಡು ಸಂಖ್ಯೆ ಕೊಡದಿದ್ದರೆ ರೋಬೋಕಾಪಿ ಒಂದೊಂದು ಕೆಟ್ಟ ಫೈಲಿಗೂ ಹತ್ತು ಲಕ್ಷ ಸಲ, 30 ಸೆಕೆಂಡ್ ಅಂತರದಲ್ಲಿ ಪ್ರಯತ್ನಿಸುತ್ತ ಕೂರುತ್ತದೆ. ಮಿರರ್ ಆಯ್ಕೆಯನ್ನು ಬೇಕೆಂದೇ ಬಳಸಲಿಲ್ಲ. ಅದು ಮೂಲದಲ್ಲಿ ಇಲ್ಲದ್ದನ್ನು ಗುರಿಯಲ್ಲೂ ಅಳಿಸುತ್ತದೆ. ಮೂಲ ಮತ್ತು ಗುರಿ ಅದಲುಬದಲಾದರೆ ಉಳಿಯುವುದು ಖಾಲಿ ಡಿಸ್ಕು.

ಸುಮಾರು ಒಂಬತ್ತು ಗಂಟೆ ಹಿಡಿಯಿತು. ಗಮನಿಸಬೇಕಾದದ್ದು: ಅಷ್ಟು ಹೊತ್ತಿನಲ್ಲಿ ಡಿಸ್ಕ್ ಒಮ್ಮೆಯೂ ಮಾಯವಾಗಲಿಲ್ಲ, ಓದುವ ದೋಷ ಒಂದೂ ಬರಲಿಲ್ಲ. ಹೊರಗೆ ಪಲ್ಪರ್ ಓಡುತ್ತಲೇ ಇತ್ತು. ಆದರೆ ನಕಲಾದ ಫೈಲುಗಳಲ್ಲಿ 17 ಪಿಡಿಎಫ್‌ಗಳು ಸೊನ್ನೆ ಬೈಟಿನವು. ಕಟ್-ಪೇಸ್ಟ್ ನಡುವೆ ಡಿಸ್ಕ್ ಕಳಚಿದ್ದರ ಫಲ. ಹೆಸರು ಇದೆ, ಒಳಗೆ ಏನೂ ಇಲ್ಲ. ಮೂಲ ಕಾಗದ ಬೀರುವಿನಲ್ಲೇ ಇದ್ದುದರಿಂದ ಹದಿನೇಳನ್ನೂ ಮತ್ತೆ ಸ್ಕ್ಯಾನ್ ಮಾಡಿದರು. ಕಾಪಿ ಮಾಡಿ, ಎರಡೂ ಕಡೆಯ ಫೈಲ್ ಸಂಖ್ಯೆ ಮತ್ತು ಒಟ್ಟು ಬೈಟು ತಾಳೆ ನೋಡಿ, ಆಮೇಲೆ ಅಳಿಸಿದ್ದರೆ ಇದು ಆಗುತ್ತಿರಲಿಲ್ಲ.

ಅಸಲಿಯೇ, ಆರೋಗ್ಯವಾಗಿದೆಯೇ

1.81 ಟಿಬಿಯ ಪ್ರಶ್ನೆ ಒಂದು ನಿಮಿಷದ್ದು. ತಯಾರಕರು ಟಿಬಿ ಎಂದರೆ ಒಂದರ ಮುಂದೆ ಹನ್ನೆರಡು ಸೊನ್ನೆ ಎಂದು ಎಣಿಸುತ್ತಾರೆ. ವಿಂಡೋಸ್ 1024ರಿಂದ ನಾಲ್ಕು ಸಲ ಭಾಗಿಸುತ್ತದೆ. ಎರಡು ಲಕ್ಷ ಕೋಟಿ ಬೈಟು ಆಗ 1.81 ಆಗಿ ಕಾಣುತ್ತದೆ. 1 ಟಿಬಿ ಡಿಸ್ಕ್ 931 ಜಿಬಿ ತೋರಿಸುವುದೂ ಇದೇ ಲೆಕ್ಕ.

ಹಾಗೆಂದು ನಕಲಿ ಡಿಸ್ಕುಗಳು ಇಲ್ಲವೆಂದಲ್ಲ. ಒಳಗೆ 64 ಜಿಬಿ ಮೆಮೊರಿ ಕಾರ್ಡ್ ಅಂಟಿಸಿ 2 ಟಿಬಿ ಎಂದು ತೋರುವಂತೆ ಮಾಡಿದ ಪೆಟ್ಟಿಗೆಗಳು ಮಾರುಕಟ್ಟೆಯಲ್ಲಿವೆ. ಅದನ್ನು ಹಿಡಿಯಲು ಡಿಸ್ಕನ್ನು ಪೂರ್ತಿ ತುಂಬಿಸಿ, ಪೂರ್ತಿ ಓದಿ ನೋಡಬೇಕು. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಈ ಕೆಲಸಕ್ಕೇ ಇವೆ. ನಕಲು ಭದ್ರವಾದ ಮೇಲೆ ಈ ಡಿಸ್ಕನ್ನು ಖಾಲಿ ಮಾಡಿ ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಲಾಯಿತು. ಬರೆಯುವಾಗ ಆರಂಭದಲ್ಲಿ ಸೆಕೆಂಡಿಗೆ 130 ಎಂಬಿ, ಕೊನೆಯಲ್ಲಿ 64. ಇದು ದೋಷವಲ್ಲ: ಡಿಸ್ಕಿನೊಳಗೆ ತಿರುಗುವ, ಡೇಟಾ ಇರುವ ತಟ್ಟೆಯ ಹೊರಸುತ್ತು ಉದ್ದ, ಒಳಸುತ್ತು ಗಿಡ್ಡ. ಒಂದೇ ಸುತ್ತಿನಲ್ಲಿ ಹೊರಗೆ ಹೆಚ್ಚು ಡೇಟಾ ಓದುವ-ಬರೆಯುವ ತಲೆಯಡಿ ಹಾಯುತ್ತದೆ. ಬರೆಯಲು ಆರು ಗಂಟೆಗೆ ಸ್ವಲ್ಪ ಕಡಿಮೆ, ಓದಲು ಹೆಚ್ಚುಕಡಿಮೆ ಅಷ್ಟೇ. ದೋಷ ಸೊನ್ನೆ. ಹೊಸ ಡಿಸ್ಕ್ ತಂದ ಯಾರೇ ಆಗಲಿ, ಅಂಗಡಿಯವರು ಬದಲಿಸಿ ಕೊಡುವ ಅವಧಿಯೊಳಗೆ ಈ ಒಂದು ದಿನವನ್ನು ಕೊಡಬೇಕು.

ಮುಂದೆ ಸ್ಮಾರ್ಟ್ ದಾಖಲೆ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಲೆಕ್ಕ. ಅದನ್ನು ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಸಾಫ್ಟ್‌ವೇರಿನಲ್ಲಿ ನೋಡಬೇಕಾದ ಸಾಲುಗಳು ಹೆಚ್ಚಿಲ್ಲ. 05 ಎಂದರೆ ಕೆಟ್ಟು ಬದಲಿಸಿದ ಸೆಕ್ಟರ್ (ಡೇಟಾ ಬರೆಯುವ ಪುಟ್ಟ ಜಾಗ), ಸಿ5 ಎಂದರೆ ಓದಲಾಗದೆ ಬಾಕಿ ಉಳಿದದ್ದು, ಸಿ6 ಎಂದರೆ ಸರಿಪಡಿಸಲಾಗದ್ದು. ಮೂರೂ ಇಲ್ಲಿ ಸೊನ್ನೆ. ಹೊಸ ಡಿಸ್ಕಿನಲ್ಲಿ ಸಿ5 ಒಂದು ಕಂಡರೂ ವಾಪಸ್ ಕೊಡುವುದೇ ಸರಿ; ಹಳೆಯದರಲ್ಲಿ ವಾರದಿಂದ ವಾರಕ್ಕೆ ಏರುತ್ತಿದ್ದರೆ ಅದರ ಕೆಲಸ ಮುಗಿಯಿತು. "ಗುಡ್" ಎಂಬ ನೀಲಿ ಚೌಕ ನೋಡಿ ಮುಚ್ಚುವವರೇ ಹೆಚ್ಚು.

ಈ ಡಿಸ್ಕಿನಲ್ಲಿ ಎದ್ದು ಕಂಡದ್ದು ಸಿ0 ಸಾಲು: 8ಎಫ್. ಈ ಸಾಫ್ಟ್‌ವೇರ್ ಕಚ್ಚಾ ಸಂಖ್ಯೆಯನ್ನು ಹದಿನಾರರ ಪದ್ಧತಿಯಲ್ಲಿ ತೋರಿಸುತ್ತದೆ; ಮೆನುವಿನಲ್ಲಿ ದಶಮಾನಕ್ಕೆ ಬದಲಿಸಿದರೆ 143. ಅಂದರೆ 143 ಸಲ ಓಡುತ್ತಿರುವಾಗಲೇ ಕರೆಂಟ್ ಕಡಿದು, ತಲೆಗಳು ತುರ್ತಾಗಿ ಹಿಂದೆ ಸರಿದಿವೆ. ಕೆಲವು ಮಾದರಿಗಳಲ್ಲಿ ಸರಿಯಾಗಿ ಇಜೆಕ್ಟ್ ಮಾಡಿದರೂ ಈ ಎಣಿಕೆ ಏರುತ್ತದೆ. ಆದ್ದರಿಂದ ಮೊದಲು ಐದಾರು ಸಲ ಇಜೆಕ್ಟ್ ಮಾಡಿ ನೋಡಲಾಯಿತು, ಏರಲಿಲ್ಲ. ಹಾಗಾದರೆ 143 ನಿಜವಾದ ಸಂಖ್ಯೆಯೇ.

ಕೇಬಲ್ ಕೆಟ್ಟರೆ ಸಿ7 ಏರುತ್ತದೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಡೆಸ್ಕ್‌ಟಾಪಿನ ಒಳಗೆ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ಲಿಗೆ ನಿಜ. ಯುಎಸ್‌ಬಿ ಡಿಸ್ಕಿನಲ್ಲಿ ಹೊರಗಿನ ಕೇಬಲ್ ಸಾಟಾ ಅಲ್ಲ, ಅದರ ದೋಷ ಆ ಸಾಲಿಗೆ ಬರುವುದಿಲ್ಲ. ಸಿ7 ಸೊನ್ನೆ ಇದೆ, ಕೇಬಲ್ ಚೆನ್ನಾಗಿದೆ ಎಂದು ಇಲ್ಲಿ ನಂಬಿದ್ದರೆ ದಾರಿ ತಪ್ಪುತ್ತಿತ್ತು.

ಪಲ್ಪರ್ ತಪ್ಪಿತಸ್ಥ ಅಲ್ಲ

ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆದು, ಸಿಸ್ಟಮ್ ಲಾಗ್‌ನಲ್ಲಿ ಡಿಸ್ಕ್‌ಗೆ ಸಂಬಂಧಿಸಿದ 157 ಮತ್ತು 153ನೇ ಸಂಖ್ಯೆಯ ದಾಖಲೆಗಳನ್ನು ಬೇರ್ಪಡಿಸಲಾಯಿತು. 157 ಎಂದರೆ ಹೇಳದೆ ಕೇಳದೆ ಡಿಸ್ಕ್ ಕಳಚಿಕೊಂಡದ್ದು. 153 ಎಂದರೆ ಓದು-ಬರಹ ವಿಫಲವಾಗಿ ಮತ್ತೆ ಪ್ರಯತ್ನಿಸಿದ್ದು. ಪ್ರಕರಣ ತಿರುಗಿದ್ದು ಇಲ್ಲಿ. ಆಗಸ್ಟ್ ತಿಂಗಳಲ್ಲೂ 157 ಸಾಲುಸಾಲಾಗಿ ಇತ್ತು. ಆಗಸ್ಟ್‌ನಲ್ಲಿ ಹಣ್ಣೇ ಇಲ್ಲ, ಪಲ್ಪರ್ ಎಲ್ಲಿಂದ ಓಡಬೇಕು? ಅರೇಬಿಕಾ ಕೊಯ್ಲು ಶುರುವಾಗುವುದು ನವೆಂಬರ್ ಹೊತ್ತಿಗೆ.

ಸಮಯ ನೋಡಿದರೆ ಬಹುಪಾಲು ಸಂಜೆ ಐದರಿಂದ ಆರರ ಒಳಗೆ. ಆ ಹೊತ್ತಿಗೆ ಆಫೀಸಿನಲ್ಲಿ ಏನು ನಡೆಯುತ್ತದೆ ಎಂದು ಕೇಳಿದಾಗ ಉತ್ತರ ಬಂತು: ಚೆಕ್‌ರೋಲ್ ಮುಗಿಸಿ, ಅದೇ ಡಿಸ್ಕಿನಲ್ಲಿ ಉಳಿಸಿ, ಡಾಂಗಲ್ ಹಾಕಿ ಮಾಲೀಕರಿಗೆ ಮೇಲ್ ಕಳಿಸುವುದು.

ಡಾಂಗಲ್, ಹೆಬ್ಬೆಟ್ಟಿನ ಮೆಷಿನ್, ಮೌಸ್, ಡಿಸ್ಕ್ ಎಲ್ಲವೂ ಒಂದೇ ನಾಲ್ಕು ಕಿಂಡಿಯ ಹಬ್‌ಗೆ. ಹಬ್‌ಗೆ ಅಡಾಪ್ಟರ್ ಇಲ್ಲ. ಹಬ್ ಇದ್ದದ್ದು ಒಂದು ಮೀಟರಿನ ಎಕ್ಸ್‌ಟೆನ್ಷನ್ ಕೇಬಲ್ಲಿನ ತುದಿಯಲ್ಲಿ, ಅದು ಸಿಪಿಯು ಮುಂಭಾಗದ ಪೋರ್ಟಿಗೆ. ಯುಎಸ್‌ಬಿ 3 ಪೋರ್ಟ್ ಕೊಡಬೇಕಾದದ್ದು 900 ಮಿಲಿಆಂಪಿಯರ್, ಅದನ್ನೇ ನಾಲ್ವರೂ ಹಂಚಿಕೊಳ್ಳಬೇಕು. ಈ ಗಾತ್ರದ ಡಿಸ್ಕ್ ತಟ್ಟೆ ತಿರುಗಿಸಲು ಶುರುಮಾಡುವ ಕ್ಷಣಕ್ಕೆ ಒಂದು ಆಂಪಿಯರ್ ಹತ್ತಿರ ಎಳೆಯುತ್ತದೆ. ಸಿಗ್ನಲ್ ದುರ್ಬಲವಾದಷ್ಟೂ ಡಾಂಗಲ್ ಹೆಚ್ಚು ಶಕ್ತಿ ಹಾಕಿ ಕೂಗುತ್ತದೆ. ಬಳಸದೆ ಕೆಲ ನಿಮಿಷ ಬಿಟ್ಟ ಡಿಸ್ಕ್ ಮಲಗಿರುತ್ತದೆ; ಫೈಲ್ ಉಳಿಸಲು ಹೋದಾಗ ಎದ್ದು ತಿರುಗಬೇಕು. ಎರಡೂ ಒಟ್ಟಿಗೆ ಬಿದ್ದ ಗಳಿಗೆ ಸಂಜೆ ಐದೂವರೆ.

ಯುಎಸ್‌ಬಿ ವೋಲ್ಟ್‌ಮೀಟರ್ ಒಂದನ್ನು ನಡುವೆ ಇಟ್ಟು ಅಳೆದಾಗ ಹಬ್ ಮೂಲಕ, ಡಾಂಗಲ್ ಓಡುತ್ತಿರುವಾಗ 4.5 ವೋಲ್ಟ್. ಹಿಂಬದಿಯ ಪೋರ್ಟಿಗೆ ನೇರವಾಗಿ 4.98. ಇಂಥ ಡಿಸ್ಕುಗಳಿಗೆ ಸಾಮಾನ್ಯವಾಗಿ 5 ವೋಲ್ಟಿನ ಆಚೆ ಈಚೆ ಶೇ 5 ಮಾತ್ರ ಸಹ್ಯ, ಅಂದರೆ 4.75ಕ್ಕಿಂತ ಕೆಳಗೆ ಇಳಿಯಬಾರದು. ಡಿಸ್ಕ್ ಹಿಂಬದಿಗೆ ಹೋಯಿತು, ಎಕ್ಸ್‌ಟೆನ್ಷನ್ ಕಸದ ಬುಟ್ಟಿಗೆ ಹೋಯಿತು, ಡಾಂಗಲ್‌ಗೆ ಬೇರೆ ಪೋರ್ಟ್. ಮುಂದಿನ ಮೂರು ವಾರದಲ್ಲಿ 157 ಒಮ್ಮೆಯೂ ಬರಲಿಲ್ಲ. ಸಿ0 ಒಂದು ಏರಿತು. ಅದು ಇಜೆಕ್ಟ್ ಮಾಡದೆ ಕಿತ್ತದ್ದು ಎಂದು ರೈಟರೇ ಒಪ್ಪಿಕೊಂಡರು.

ತೆವಳುವುದೇಕೆ

ಇದು ಕೇಬಲ್ಲಿನಿಂದ ಸರಿಹೋಗುವಂಥದ್ದಲ್ಲ, ಡಿಸ್ಕಿನ ಹುಟ್ಟುಗುಣ. 2 ಟಿಬಿ ಮತ್ತು ಮೇಲಿನ ತೆಳು ಪೋರ್ಟಬಲ್ ಡಿಸ್ಕುಗಳಲ್ಲಿ ಹೆಚ್ಚಿನವು ಎಸ್‌ಎಂಆರ್ ತಂತ್ರದವು. ಮಂಗಳೂರು ಹಂಚಿನಂತೆ ಒಂದು ಪಥದ ಅಂಚಿನ ಮೇಲೆ ಮುಂದಿನ ಪಥ ಹೊದಿಸಿರುತ್ತಾರೆ. ನಡುವಿನ ಒಂದನ್ನು ಬದಲಿಸಲು ಅದರ ಮೇಲೆ ಕೂತವನ್ನೆಲ್ಲ ಎತ್ತಿ ಮತ್ತೆ ಹೊದಿಸಬೇಕು. ಹೊಸದಾಗಿ ಬರುವುದನ್ನು ಡಿಸ್ಕ್ ಮೊದಲು ಒಂದು ಮೀಸಲು ಜಾಗದಲ್ಲಿ ಗಬಗಬ ಬರೆದುಕೊಳ್ಳುತ್ತದೆ, ಬಿಡುವಾದಾಗ ಸ್ವಸ್ಥಾನಕ್ಕೆ ಸಾಗಿಸುತ್ತದೆ. ಮೀಸಲು ತುಂಬಿದರೆ ಎರಡೂ ಕೆಲಸ ಒಟ್ಟಿಗೆ.

ಖಾಲಿ ಡಿಸ್ಕಿನಲ್ಲಿ ಒಂದು ಜಿಬಿ ಬರೆದು ವೇಗ ಅಳೆಯುವ ಪರೀಕ್ಷೆ ಇಲ್ಲಿ ಏನನ್ನೂ ಹೇಳುವುದಿಲ್ಲ. ಆದ್ದರಿಂದ 780 ಜಿಬಿಯನ್ನೂ ತುಂಬಿ, ನಡುನಡುವೆ ಅಳಿಸಿ, ಅದೇ ಜಾಗಕ್ಕೆ ಮತ್ತೆ ಬರೆಯಲಾಯಿತು. ದೊಡ್ಡ ಸಿಸಿಟಿವಿ ತುಣುಕುಗಳು 120 ಎಂಬಿಯಲ್ಲಿ ಶುರುವಾಗಿ ಅರ್ಧ ಗಂಟೆ ಕಳೆದ ಮೇಲೆ 20ರ ಆಸುಪಾಸಿಗೆ ಇಳಿದವು. ಡಿಸ್ಕನ್ನು ಕೀಳದೆ ಒಂದು ಗಂಟೆ ಸುಮ್ಮನೆ ಬಿಟ್ಟಾಗ ವೇಗ ಮರಳಿತು. ಆಫೀಸಿನಲ್ಲಿ ಕಾಪಿ ಮುಗಿದ ಕೂಡಲೇ ಕಿತ್ತು ಬೀರುವಿಗೆ ಹಾಕುತ್ತಿದ್ದರು. ಡಿಸ್ಕಿಗೆ ಮನೆಕೆಲಸ ಮುಗಿಸಲು ಬಿಡುವೇ ಸಿಕ್ಕಿರಲಿಲ್ಲ.

ಚಿಕ್ಕ ಫೈಲುಗಳ ಕಥೆ ಇನ್ನೂ ಕಷ್ಟ. 400 ಕೆಬಿ ಆಸುಪಾಸಿನ 50,000 ಸ್ಕ್ಯಾನ್ ಪುಟ, ಒಟ್ಟು 20 ಜಿಬಿ, ಸೆಕೆಂಡಿಗೆ 10 ಎಂಬಿ ದಾಟಲಿಲ್ಲ. ಅರ್ಧ ಗಂಟೆಯ ಮೇಲಾಯಿತು. ಅದನ್ನೇ ಡೆಸ್ಕ್‌ಟಾಪಿನ ಎಸ್‌ಎಸ್‌ಡಿಯಲ್ಲಿ ವರ್ಷಕ್ಕೊಂದರಂತೆ, ಕುಗ್ಗಿಸದೆ ಬರೀ ಕಟ್ಟಿಡುವ ಆಯ್ಕೆಯಲ್ಲಿ ಜಿಪ್ ಮಾಡಿ ಕಳಿಸಿದಾಗ ಮೂರ್ನಾಲ್ಕು ನಿಮಿಷ. ಮುಗಿದ ವರ್ಷದ ದಾಖಲೆಗಳಿಗೆ ಇದು ಒಳ್ಳೆ ಉಪಾಯ. ಒಂದೇ ಅಪಾಯ, ಜಿಪ್ ಕೆಟ್ಟರೆ ಇಡೀ ವರ್ಷಕ್ಕೆ ಪೆಟ್ಟು. ಅದಕ್ಕೆ ಪ್ರತಿ ಜಿಪ್‌ನ ಹ್ಯಾಶ್ (ಫೈಲ್ ಚೂರು ಬದಲಾದರೂ ಬೇರೆಯಾಗುವ ಗುರುತು ಸಂಖ್ಯೆ) ತೆಗೆದು ಒಂದು ಪಠ್ಯ ಫೈಲಿನಲ್ಲಿ ಬರೆದಿಡಲಾಯಿತು. ವಿಂಡೋಸ್‌ನ ಸರ್ಟ್‌ಯುಟಿಲ್ ಸಾಕು.

ಟ್ಯಾಲಿಯನ್ನು ನೇರ ಈ ಡಿಸ್ಕಿನಿಂದ ಓಡಿಸುವುದನ್ನು ಅಂದೇ ನಿಲ್ಲಿಸಲಾಯಿತು. ಲೆಕ್ಕದ ಸಾಫ್ಟ್‌ವೇರ್ ಪ್ರತಿ ವೋಚರಿಗೂ ಅಲ್ಲಲ್ಲಿ ಚೂರುಚೂರು ತಿದ್ದಿ ಬರೆಯುತ್ತದೆ. ಎಸ್‌ಎಂಆರ್ ಡಿಸ್ಕಿಗೆ ಅತಿ ಒಗ್ಗದ ಕೆಲಸ ಅದು. ಜೊತೆಗೆ ನಡುವೆ ಕಳಚಿದರೆ ಲೆಕ್ಕವೇ ಹಾಳು.

ಮ್ಯಾಕ್‌ನ ತಕರಾರು

ಡಿಸ್ಕ್ ವಿಂಡೋಸ್‌ನ ಎನ್‌ಟಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯಲ್ಲಿತ್ತು. ಮ್ಯಾಕ್ ಅದನ್ನು ಓದುತ್ತದೆ, ಬರೆಯುವುದಿಲ್ಲ. ಎಕ್ಸ್‌ಫ್ಯಾಟ್ ಎಂಬ ಇನ್ನೊಂದು ಫೈಲ್ ವ್ಯವಸ್ಥೆಗೆ ಬದಲಿಸಿ ಎಂಬುದು ಮಗನ ಒತ್ತಾಯ, ಎರಡೂ ಕಡೆ ನಡೆಯುತ್ತದಲ್ಲ ಎಂದು. ನಡೆಯುತ್ತದೆ ನಿಜ. ಆದರೆ ಎಕ್ಸ್‌ಫ್ಯಾಟ್‌ನಲ್ಲಿ ಜರ್ನಲ್ (ಮಾಡುವ ಬದಲಾವಣೆಗಳ ದಿನಚರಿ) ಇಲ್ಲ, ಬರೆಯುವ ನಡುವೆ ಕಳಚಿದರೆ ಹಿಂದಿನ ಸುಸ್ಥಿತಿಗೆ ಮರಳುವ ದಾರಿ ಕಿರಿದು. 143 ಸಲ ಕಳಚಿದ ಚರಿತ್ರೆ ಇರುವ ಮೇಜಿನ ಮೇಲೆ ಅದು ಬೇಡ ಎಂದಾಯಿತು. ಬೆಂಗಳೂರಿನಲ್ಲಿ ಬೇಕಿದ್ದದ್ದೂ ನೋಡಲಿಕ್ಕೆ ಮಾತ್ರ. ಬರೆಯಲು ಆಗದಿರುವುದೇ ಇಲ್ಲಿ ಅನುಕೂಲ, ಅಲ್ಲಿ ಯಾರೂ ಕೈತಪ್ಪಿ ಅಳಿಸಲಾರರು. ವಾಪಸ್ ಬರಬೇಕಾದ ಫೈಲಿಗೆ ಒಂದು ಪೆನ್‌ಡ್ರೈವ್ ಸಾಕಾಯಿತು.

ಆಧಾರ್ ಪ್ರತಿಗಳು ಬಸ್ಸಿನಲ್ಲಿ ಓಡಾಡುವ ಡಿಸ್ಕಿನಲ್ಲಿ ತೆರೆದಿರುವುದು ಸರಿಯಲ್ಲ. ಅವನ್ನೂ ಜಮೀನಿನ ಕಾಗದಗಳನ್ನೂ ವೆರಾಕ್ರಿಪ್ಟ್ ಎಂಬ ಗೂಢಲಿಪಿ ಸಾಫ್ಟ್‌ವೇರಿನ 20 ಜಿಬಿ ಪೆಟ್ಟಿಗೆಯೊಳಗೆ ಹಾಕಿ, ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಮನೆಯ ತಿಜೋರಿಗೆ. ಡಿಸ್ಕಿನ ಜೊತೆ ಬಂದ ಪಾಸ್‌ವರ್ಡ್ ಸೌಲಭ್ಯ ಬಳಸಲಿಲ್ಲ. ಅಂಥವುಗಳಲ್ಲಿ ಗೂಢಲಿಪಿಯ ಕೀಲಿ ಡಿಸ್ಕಿನ ಸರ್ಕ್ಯೂಟ್ ಬೋರ್ಡಿಗೆ ಅಂಟಿಕೊಂಡಿರುತ್ತದೆ, ಬೋರ್ಡ್ ಸುಟ್ಟರೆ ತಟ್ಟೆ ಚೆನ್ನಾಗಿದ್ದೂ ಪ್ರಯೋಜನವಿಲ್ಲ. ಇದೇ ಕಾರಣಕ್ಕೆ ಮೈಕ್ರೊ-ಬಿ ಕಿಂಡಿಯ ಬಗ್ಗೆಯೂ ಎಚ್ಚರ ಬೇಕು. ಈಗಿನ ಹಲವು ಡಿಸ್ಕುಗಳಲ್ಲಿ ಯುಎಸ್‌ಬಿ ಕಿಂಡಿ ನೇರ ಬೋರ್ಡಿಗೇ ಬೆಸೆದಿರುತ್ತದೆ, ಬಿಚ್ಚಿದರೆ ಒಳಗೆ ಸಾಟಾ ಸಿಗುವುದಿಲ್ಲ. ಕಿಂಡಿ ಅಲುಗಾಡತೊಡಗಿದರೆ ಡೇಟಾ ತೆಗೆಯುವುದು ದುಬಾರಿ ಕೆಲಸ. ಕೇಬಲನ್ನು ಡಿಸ್ಕಿನ ಕಡೆ ಹಾಗೇ ಬಿಟ್ಟು, ಕಂಪ್ಯೂಟರಿನ ಕಡೆಯಿಂದ ಮಾತ್ರ ಕೀಳಬೇಕು.

ಮಳೆಗಾಲ

ಹಾರ್ಡ್ ಡಿಸ್ಕ್ ಗಾಳಿಯಾಡದ ಪೆಟ್ಟಿಗೆ ಎಂದು ತಿಳಿದವರಿದ್ದಾರೆ. ಹೀಲಿಯಂ ತುಂಬಿದ ದೊಡ್ಡ ಡಿಸ್ಕುಗಳನ್ನು ಬಿಟ್ಟರೆ ಉಳಿದವಕ್ಕೆ ಉಸಿರಾಟದ ಸಣ್ಣ ರಂಧ್ರ ಇರುತ್ತದೆ. ಅಲ್ಲಿರುವ ಫಿಲ್ಟರ್ ದೂಳು ತಡೆಯುತ್ತದೆ, ತೇವವನ್ನು ಪೂರ್ತಿ ತಡೆಯಲಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಸ್ಟು ಹಿಡಿಯುವ ಸೀಮೆಯಲ್ಲಿ ಡಿಸ್ಕನ್ನು ಬರೀ ಕಬ್ಬಿಣದ ಬೀರುವಿನಲ್ಲಿ ಇಡುವುದು ಸಾಲದು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್ 100 ಗ್ರಾಂ, ಬಣ್ಣ ತಿರುಗಿದಾಗ ಒಣಗಿಸಿ ಮತ್ತೆ ಬಳಕೆ. ಅಕ್ಕಿಯಲ್ಲಿ ಹುಗಿಯುವುದು ಬೇಡ, ಪುಡಿ ಕಿಂಡಿಗೆ ಹೋಗುತ್ತದೆ. ಬೀರುವಿನೊಳಗೆ ಉರಿಯುವ ಬಲ್ಬಿಗೆ ತಾಗಿಸಿಯೂ ಇಡಬೇಡಿ. ಎಸಿ ಕಾರಿನಿಂದ ಇಳಿಸಿದ ತಣ್ಣನೆ ಡಿಸ್ಕನ್ನು ಅರ್ಧ ಗಂಟೆ ಹಾಗೇ ಬಿಟ್ಟು ಆಮೇಲೆ ಚಾಲೂ ಮಾಡಬೇಕು.

ಏನು ತೀರ್ಮಾನವಾಯಿತು

ಡಿಸ್ಕ್ ಉಳಿಯಿತು, ಕೆಲಸ ಬದಲಾಯಿತು. ದಿನದ ಬಳಕೆಗೆ ಡೆಸ್ಕ್‌ಟಾಪಿನೊಳಗೆ 1 ಟಿಬಿ ಎಸ್‌ಎಸ್‌ಡಿ ಹಾಕಿಸಿದರು. ಟ್ಯಾಲಿ, ಚೆಕ್‌ರೋಲ್, ಸ್ಕ್ಯಾನ್ ಎಲ್ಲ ಅಲ್ಲಿಗೆ. ಹಳೆ ಪೋರ್ಟಬಲ್ ಡಿಸ್ಕ್ ವಾರದ ಪ್ರತಿಗೆ. ನಕಲಿಗೆಂದು ತಂದ ಎರಡನೆಯದು ಹಾಸನದ ನೆಂಟರ ಮನೆಯಲ್ಲಿ, ತಿಂಗಳಿಗೊಮ್ಮೆ ಅದಲುಬದಲು.

ಪೋರ್ಟಬಲ್ ಎಸ್‌ಎಸ್‌ಡಿ ಬಗ್ಗೆಯೂ ಚರ್ಚೆಯಾಯಿತು. ಬಿದ್ದರೂ ತಡೆಯುತ್ತದೆ, ಚಿಕ್ಕ ಫೈಲುಗಳಿಗೆ ಹಲವು ಪಟ್ಟು ಚುರುಕು. ದಿನಾ ಬ್ಯಾಗಿನಲ್ಲಿ ಓಡಾಡುವವರಿಗೆ ಅದೇ ಸರಿ. ಆದರೆ ವರ್ಷಗಟ್ಟಲೆ ಕರೆಂಟಿಲ್ಲದೆ ಬೀರುವಿನಲ್ಲಿ ಮಲಗುವ ಪ್ರತಿಗೆ ಅಷ್ಟು ಹೊಂದುವುದಿಲ್ಲ: ಬರೆಯುವ ಆಯಸ್ಸು ಮುಗಿಸಿದ ಎಸ್‌ಎಸ್‌ಡಿಯಿಂದ ಜೆಡೆಕ್ ಎಂಬ ಚಿಪ್ ಉದ್ಯಮದ ಸಂಸ್ಥೆಯ ಮಾನದಂಡ ಕೇಳುವುದು 30 ಡಿಗ್ರಿಯಲ್ಲಿ ಒಂದು ವರ್ಷದ ನೆನಪು ಮಾತ್ರ. ಪ್ರತಿ ಟಿಬಿಗೆ ದುಡ್ಡೂ ಹೆಚ್ಚು.

ಹೊಸ ವ್ಯವಸ್ಥೆ ಎಡವಿದ್ದು ತಂತ್ರಜ್ಞಾನದಲ್ಲಿ ಅಲ್ಲ. ರೊಬಸ್ಟಾ ಕೊಯ್ಲಿನ ಗಡಿಬಿಡಿಯಲ್ಲಿ ವಾರದ ಪ್ರತಿ ಏಳು ವಾರ ತಪ್ಪಿತು. "ಪ್ರತಿ ಭಾನುವಾರ" ಎಂದು ಗೋಡೆಗೆ ಅಂಟಿಸಿದ ಚೀಟಿ ಯಾರ ಕಣ್ಣಿಗೂ ಬೀಳಲಿಲ್ಲ. ಆಮೇಲೆ ಅದನ್ನು ಬಟವಾಡೆಗೆ ಕಟ್ಟಿಹಾಕಿದರು. ಚೆಕ್‌ರೋಲ್ ಮುಚ್ಚದೆ ಬಟವಾಡೆ ಆಗುವುದಿಲ್ಲ, ಬಟವಾಡೆ ಯಾವ ಕೊಯ್ಲಿನಲ್ಲೂ ತಪ್ಪುವುದಿಲ್ಲ. ಚೆಕ್‌ರೋಲ್ ಮುಚ್ಚಿದ ಕೂಡಲೇ ಡಿಸ್ಕ್ ಚುಚ್ಚಿ ಕಾಪಿ ಶುರು. ದುಡ್ಡು ಹಂಚಿ ಮುಗಿಸಿ ಬರುವಷ್ಟರಲ್ಲಿ ಕಾಪಿಯೂ ಮುಗಿದು, ಡಿಸ್ಕಿಗೆ ಒಂದು ಗಂಟೆಯ ಬಿಡುವೂ ಸಿಕ್ಕಿರುತ್ತದೆ. ಆಮೇಲೆ ಇಜೆಕ್ಟ್, ತಟ್ಟೆ ನಿಲ್ಲಲು ಹತ್ತು ಸೆಕೆಂಡ್, ಡಬ್ಬಿಗೆ. ತಿಂಗಳ ಮೊದಲ ಬಟವಾಡೆಯಂದು ಹೆಚ್ಚುವರಿ ಎರಡು ಕೆಲಸ: 05, ಸಿ5, ಸಿ6, ಸಿ0 ಸಂಖ್ಯೆಗಳನ್ನು ಲೆಡ್ಜರಿನ ಕೊನೆ ಪುಟದಲ್ಲಿ ಬರೆಯುವುದು, ಮತ್ತು ಯಾವುದಾದರೂ ಒಂದು ಹಳೆ ಜಿಪ್ ತೆಗೆದು ಹ್ಯಾಶ್ ತಾಳೆ ನೋಡಿ, ಒಂದು ಪುಟ ತೆರೆದು ಓದುವುದು.